ದ್ರಾಕ್ಷಿ ದಾರಿಯ ಪ್ರಾಜಕ್ತಾ

ಪ್ರಾಜಕ್ತಾ ಒಂದೇ ಬಾಡಿಗೆ ಖೋಲಿಯಲ್ಲಿ ಎರಡು ಮಳೆಗಾಲ ಕಳೆದವಳಲ್ಲ. ನಿಪ್ಪಾಣಿಯಲ್ಲಿ ಬಿ.ಎ. ಓದುವ ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದಳು. ಓದು ಮುಗಿದ ಮೇಲೆ ಹೆದ್ದಾರಿಯ ಪಕ್ಕದ ಲಾಡ್ಜೊಂದರಲ್ಲಿ ಕೆಲಸ ಸಿಕ್ಕಿತು. ಕೌಂಟರಿನ ಹಿಂದೆ ನಿಂತು ಬಂದವರ ಹೆಸರು ಬರೆದುಕೊಂಡು ಬೀಗದ ಕೈ ಕೊಡುವುದು. ಎಂಟು ತಿಂಗಳು ತಡೆದಳು. ಎದುರಿನ ರಸ್ತೆಯಲ್ಲಿ ಪುಣೆಯಿಂದ ಬಂದ ಕಾರುಗಳು ಗೋವೆಯ ಕಡೆ ತಿರುಗುವುದನ್ನು ನೋಡಿ ನೋಡಿ, 2012ರ ನವೆಂಬರಿನ ಒಂದು ಬೆಳಗ್ಗೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಆಂಬೋಲಿ ಘಾಟಿನ ಬಸ್ಸು ಹತ್ತಿ ಪಣಜಿಯಲ್ಲಿ ಇಳಿದೇಬಿಟ್ಟಳು. ಆಗ ಅವಳಿಗೆ ಇಪ್ಪತ್ತಮೂರು.

ಅವಳ ಊರು ಅಥಣಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತೆ ಇದೆ. ಊರಿನ ಒಂದು ಮಗ್ಗುಲಿಗೆ ಕಬ್ಬು, ಇನ್ನೊಂದು ಮಗ್ಗುಲಿಗೆ ದ್ರಾಕ್ಷಿ. ಅಪ್ಪ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಕೂಲಿಯಾಳುಗಳ ಟೋಳಿಯಲ್ಲಿದ್ದವನು ಕುಡಿದು ಕುಡಿದು 2003ರಲ್ಲಿ ತೀರಿಕೊಂಡ. ಅವ್ವ ಅಕ್ಕುತಾಯಿ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡುವವಳು. ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ ಆ ಕಡೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಯಾವ ಕಡ್ಡಿಗೆ ಚಿಗುರೊಡೆಯುವ ಎಷ್ಟು ಕಣ್ಣು ಬಿಟ್ಟು ಕತ್ತರಿ ಹಾಕಬೇಕೆಂಬುದು ಅಕ್ಕುತಾಯಿಗೆ ಮುಟ್ಟಿದರೇ ತಿಳಿಯುತ್ತಿತ್ತು. ಹೈಸ್ಕೂಲಿನ ರಜೆಗಳಲ್ಲಿ ಪ್ರಾಜಕ್ತಾಳೂ ಅವ್ವನ ಹಿಂದೆ ಹೋಗಿ ಕತ್ತರಿಸಿದ ಕಡ್ಡಿಗೆ ಬೇಗ ಚಿಗುರಲೆಂದು ಬಳಿಯುವ ಔಷಧಿಯ ಪೇಸ್ಟ್ ಹಚ್ಚಿದ್ದಳು. ಕೈ ಉರಿಯುತ್ತಿತ್ತು. ಮಣೂಕದ, ಎಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಒಣಗುತ್ತಿದ್ದ ದ್ರಾಕ್ಷಿಯ ವಾಸನೆ ನೋಡಿ ಯಾವ ಹಲಗೆಯ ಕಾಳು ಕಪ್ಪಾಗುತ್ತದೆಂದು ಅವಳು ಎರಡು ದಿನ ಮೊದಲೇ ಹೇಳುತ್ತಿದ್ದಳು. ಅದನ್ನು ಯಾರೂ ದೊಡ್ಡ ವಿದ್ಯೆ ಎಂದು ಎಣಿಸಲಿಲ್ಲ, ಅವಳೂ ಎಣಿಸಲಿಲ್ಲ.

ಪಣಜಿಯಲ್ಲಿ ಅವಳಿಗೆ ಕೆಲಸ ಕೊಟ್ಟವನು ಕುಣಾಲ. ನಿಪ್ಪಾಣಿಯ ಜೈನರ ಮನೆಯ ಹುಡುಗ, ಮನೆಯವರದು ತಂಬಾಕಿನ ವ್ಯಾಪಾರ. ಅದು ಒಗ್ಗದೆ ಇಲ್ಲಿ ಬಂದು ಸಣ್ಣದೊಂದು ಪ್ರವಾಸ ಕಂಪನಿ ತೆರೆದಿದ್ದ. ದೋಣಿಯಲ್ಲಿ ಡಾಲ್ಫಿನ್ ತೋರಿಸುವುದು, ಮಸಾಲೆ ತೋಟ ಸುತ್ತಿಸುವುದು ಎಲ್ಲರೂ ಮಾಡುತ್ತಿದ್ದ ಧಂದೆ. ಬೇರೆ ಏನಾದರೂ ಬೇಕಿತ್ತು.

"ಸಮುದ್ರ ನೋಡಿ ನೋಡಿ ಮೂರನೇ ದಿನಕ್ಕ ಮಂದಿಗೆ ಬ್ಯಾಸರಾಗತೈತಿ," ಎಂದ ಕುಣಾಲ. "ಘಾಟ ಹತ್ತಿದ್ರ ದ್ರಾಕ್ಷಿ ಸೀಮಿ ಐತಿ. ಈಗ ಅಲ್ಲಲ್ಲಿ ವೈನ್ ಮಾಡಾಕತ್ತಾರ. ಒಂದ್ ರಾತ್ರಿ ಉಳದು ಮರುದಿನ ತಿರುಗಿ ಬರೂವಂಗ ಎಲ್ಲೆಲ್ಲಿ ಸಾಧ್ಯ ಐತಿ, ಹುಡುಕ್ಕೊಂಡ ಬಾ."

ಈ ಕೆಲಸ ಪ್ರಾಜಕ್ತಾಳಿಗೆ ಹೇಳಿ ಮಾಡಿಸಿದಂತಿತ್ತು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ, ಟೆಂಪೋದಲ್ಲಿ, ಕೆಲವೊಮ್ಮೆ ಹಾಲಿನ ಗಾಡಿಯಲ್ಲಿ ಅಲೆದಳು. ಸಾಂಗಲಿಯ ಆಚೆ, ವಿಜಯಪುರದ ಕಡೆ, ಒಂದು ಸಲ ಬಾರಾಮತಿಯವರೆಗೂ ಹೋದಳು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದಳು. ಯಾವ ರಸ್ತೆ ಮಳೆಗೆ ಕಿತ್ತುಹೋಗುತ್ತದೆ, ಎಲ್ಲಿ ಹೆಂಗಸರಿಗೆ ಚೊಕ್ಕ ಶೌಚಾಲಯವಿದೆ, ಯಾವ ಮಾಲೀಕ ಬಂದವರ ಜೊತೆ ಮಾತಾಡುತ್ತಾನೆ, ಯಾವನು ಮೊಬೈಲು ನೋಡುತ್ತಾ ನಿಲ್ಲುತ್ತಾನೆ. 2013ರ ಕೊನೆಗೆ ಮೊದಲ ತಂಡ ಹೊರಟಿತು. ವ್ಯಾನಿನ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಅವಳು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ದ್ರಾಕ್ಷಿಯ ಕತೆ ಹೇಳಿದಳು. ಮಂದಿ ಕಿವಿಗೊಟ್ಟು ಕೇಳಿದರು.

ಆದರೆ ಅವಳು ಒಳಗೊಳಗೆ ಎರಡು ಸುಳ್ಳು ಹೊತ್ತುಕೊಂಡು ತಿರುಗುತ್ತಿದ್ದಳು.

ಮೊದಲನೆಯದು ಅವ್ವನಿಗೆ ಹೇಳಿದ್ದು. ಅಕ್ಕುತಾಯಿ ಫೋನಿನಲ್ಲಿ ಕೇಳಿದ್ದಳು, "ಎಂಥಾ ಕೆಲಸ ಯವ್ವಾ ಅದು?"

"ಮಂದಿಗೆ ತ್ವಾಟ ತೋರಸೂದು."

"ಎಂಥಾ ತ್ವಾಟ?"

"ತೆಂಗು, ಗೋಡಂಬಿ, ಮಸಾಲಿ. ದ್ರಾಕ್ಷಿನೂ."

"ದ್ರಾಕ್ಷಿ ನೋಡಾಕ ಅಷ್ಟ ದೂರದಿಂದ ಬರ್ತಾರೇನ್ ಮಂದಿ? ನಮ್ಮೂರಾಗ ನಿಂತ್ರ ಮೈಮ್ಯಾಗ ಬೀಳತಾವು," ಎಂದು ಅಕ್ಕುತಾಯಿ ನಕ್ಕಿದ್ದಳು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಹೆಂಗಸಿಗೆ ವೈನ್ ಎಂಬ ಮಾತು ಹೇಳಲು ಪ್ರಾಜಕ್ತಾಳ ಬಾಯಿ ಏಳಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ಎರಡನೆಯದು ಪ್ರವಾಸಿಗರಿಗೆ ಹೇಳುತ್ತಿದ್ದದ್ದು. ಅವಳು ಒಂದು ಹನಿ ವೈನೂ ನಾಲಿಗೆಗೆ ಹಚ್ಚಿದವಳಲ್ಲ. ಗ್ಲಾಸನ್ನು ಮೂಗಿನ ಹತ್ತಿರ ತಂದು ವಾಸನೆ ನೋಡುತ್ತಿದ್ದಳು, ಅಷ್ಟೇ. ಆ ಮೂಗು ಮಾತ್ರ ಅವಳಿಗೆ ಎಂದೂ ಮೋಸ ಮಾಡಲಿಲ್ಲ. ಇದರಲ್ಲಿ ಹಸಿ ಮೆಣಸಿನಕಾಯಿಯ ವಾಸನೆ ಇದೆ, ಇದರಲ್ಲಿ ಒಣ ತಂಬಾಕಿನದು ಎಂದು ಹೇಳಿದರೆ ತಯಾರಿಸಿದವರೇ ಹುಬ್ಬೇರಿಸುತ್ತಿದ್ದರು. ರುಚಿಯ ಮಾತೆಲ್ಲ ಮಾತ್ರ ಅವರಿವರಿಂದ ಕೇಳಿ ಬರೆದಿಟ್ಟುಕೊಂಡದ್ದು. "ನಿಮಗೆ ಯಾವುದು ಇಷ್ಟ?" ಎಂದು ಯಾರಾದರೂ ಕೇಳಿದರೆ "ಎರಡನೆಯದು" ಎನ್ನುತ್ತಿದ್ದಳು. ಎರಡನೆಯದು ಯಾವುದೇ ಇರಲಿ, ಅದೇ ಉತ್ತರ. ಪಣಜಿಗೆ ಮರಳಿದ ಮೇಲೆ ಖೋಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಬೆಳಗಾದರೆ ಇನ್ನೊಂದು ಹೊಸ ತೋಟ ಹುಡುಕಲು ಹೊರಡುತ್ತಿದ್ದಳು.

2015ರ ಬೇಸಿಗೆಯಲ್ಲಿ ಪ್ರವಾಸಿಗರಿಂದ ದೂರು ಬಂತು. ಒಂಬತ್ತು ತಾಸು ವ್ಯಾನಿನಲ್ಲಿ ಕೂತು ಸೊಂಟ ಹೋಯಿತು, ಹತ್ತಿರದಲ್ಲಿ ಏನೂ ಇಲ್ಲವೇ ಎಂದರು. ಕುಣಾಲ ಗೋಡೆಯ ನಕಾಶೆಯಲ್ಲಿ ಪಣಜಿಗೆ ಗುಂಡುಪಿನ್ನು ಚುಚ್ಚಿ, ದಾರ ಕಟ್ಟಿ, ಪೆನ್ಸಿಲಿನಿಂದ ಒಂದು ದುಂಡು ಗೆರೆ ಎಳೆದ. ಗೆರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳನ್ನು ಒಳಗೆ ಹಾಕಿಕೊಂಡು ಅಥಣಿಯ ಹೆಸರಿನ ಮೇಲೇ ಹಾದುಹೋಯಿತು.

"ಇಲ್ಲಿ ನೋಡ," ಎಂದ. "ಎಲ್ಲಾ ಕಡೆ ತಿರುಗಿ ಬಂದಿ, ನಿನ್ನ ಊರ ಕಡೆ ಒಮ್ಮೆನೂ ಹೋಗಿಲ್ಲಲ್ಲ ನೀ?"

ಪ್ರಾಜಕ್ತಾ ನಕಾಶೆ ನೋಡಿದಳು. "ಅಲ್ಲಿ ಬರೇ ಮಣೂಕ," ಎಂದಳು.

"ತಾತ್ಯಾಸಾಹೇಬ ಅಂತ ಒಬ್ಬರು ಹೋದ ವರ್ಷ ವೈನ್ ಸುರು ಮಾಡ್ಯಾರಂತ. ಫೋನ್ ನಂಬರ್ ಐತಿ ನನ್ನ ಕಡೆ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ತಾತ್ಯಾಸಾಹೇಬರ ತೋಟ ಅವಳ ಊರಿನಿಂದ ಆರು ಕಿಲೋಮೀಟರು. ಅವಳು ನೋಡಲು ಹೋದಾಗ ಅವರು ಗೇಟಿನವರೆಗೆ ಬಂದು ಕರೆದುಕೊಂಡರು. ನೂರು ಎಕರೆಯ ಮನೆತನ, ಬಿಳಿ ಅಂಗಿ, ಮಾತು ಮೆತ್ತಗೆ. "ಬರ್ರಿ ಮೇಡಮ್, ಚಹಾ ತಗೋರಿ," ಎಂದು ಉಪಚರಿಸಿದರು. ಯಾವ ಊರು ಎಂದು ಕೇಳಿದಾಗ ಅವಳು ಪಣಜಿ ಎಂದಳು. ಹೀಗೆ ಮೂರನೆಯ ಸುಳ್ಳೂ ಸೇರಿಕೊಂಡಿತು.

ಅಕ್ಟೋಬರಿನ ಮೊದಲ ತಂಡಕ್ಕೆ ದಿನ ಗೊತ್ತಾಯಿತು. ಹಿಂದಿನ ದಿನ ಅವಳು ಅವ್ವನಿಗೆ ಫೋನು ಮಾಡಿ, ಸಹಜವೆಂಬಂತೆ ಕೇಳಿದಳು, "ನಾಳೆ ಯಾರ ತ್ವಾಟದಾಗ ಚಾಟ್ನಿ?"

"ಶ್ರೀಪಾಲಣ್ಣಾರ ತ್ವಾಟದಾಗ. ಇನ್ನ ನಾಕ ದಿನದ್ದ ಕೆಲಸ ಐತಿ. ಯಾಕ, ಬರಾಕತ್ತಿ ಏನ್?"

"ಇಲ್ಲ, ಸುಮ್ನ ಕೇಳಿದ್ನಿ."

ಶ್ರೀಪಾಲ ಅವರ ಊರಿನ ಜೈನ ರೈತ. ಅವನ ತೋಟ ಊರಿನ ಇನ್ನೊಂದು ದಿಕ್ಕಿಗಿತ್ತು. ಪ್ರಾಜಕ್ತಾ ಉಸಿರು ಬಿಟ್ಟಳು.

ಮರುದಿನ ವ್ಯಾನು ಆಂಬೋಲಿ, ಆಜರಾ, ಸಂಕೇಶ್ವರ, ಚಿಕ್ಕೋಡಿ ದಾಟಿ, ಕೃಷ್ಣೆಯ ಸೇತುವೆಯ ಮೇಲೆ ಹಾದು ಮಧ್ಯಾಹ್ನದ ಊಟಕ್ಕೆ ತಾತ್ಯಾಸಾಹೇಬರ ತೋಟ ಮುಟ್ಟಿತು. ಎಂಟು ಮಂದಿ ಪ್ರವಾಸಿಗರು. ಊಟವಾದ ಮೇಲೆ ವೈನ್ ರುಚಿ ನೋಡಲೆಂದು ಹೊಸದಾಗಿ ಕಟ್ಟಿದ ಹಾಲ್‌ಗೆ ಬಂದರು. ಉದ್ದನೆಯ ಮೇಜು, ಸಾಲಾಗಿ ಇಟ್ಟ ಗ್ಲಾಸು, ಗಾಜಿನ ಗೋಡೆಯ ಆಚೆ ಬಳ್ಳಿಯ ಸಾಲುಗಳು. ಸಾಲುಗಳ ನಡುವೆ ಹೆಂಗಸರು ಬಾಗಿ ಕೆಲಸ ಮಾಡುತ್ತಿದ್ದುದನ್ನು ಪ್ರಾಜಕ್ತಾ ನೋಡಿದಳು, ಆದರೆ ಮುಖಗಳತ್ತ ಗಮನ ಕೊಡಲಿಲ್ಲ. ಕೆಂಪು ವೈನಿನ ಗ್ಲಾಸು ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಮಾತು ಸುರು ಮಾಡಿದಳು.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಬರಿಗಾಲು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಸೊಂಟದಲ್ಲಿ ಚಾಟ್ನಿಯ ಕತ್ತರಿ.

"ಸಾವಕಾರ್ರ, ಭಾಗ್ಯಾಳ ಬೆರಳ ಕತ್ತರಿಗೆ ಸಿಕ್ಕತ್ರಿ. ರಕ್ತ ನಿಲ್ಲವಲ್ದು. ಪಟ್ಟಿ, ಗಿಟ್ಟಿ ಏನರ..."

ಅಕ್ಕುತಾಯಿ ಮಗಳನ್ನು ನೋಡಿದಳು. ಮಗಳು ಅವ್ವನನ್ನು ನೋಡಿದಳು. ಶ್ರೀಪಾಲನ ತೋಟಕ್ಕೆ ಪೇಸ್ಟ್ ಬಂದಿರಲಿಲ್ಲವೆಂದು ಟೋಳಿಯ ಮೇಸ್ತ್ರಿ ಮುರಗೆಪ್ಪ ಆ ದಿನದ ಮಟ್ಟಿಗೆ ಎಲ್ಲರನ್ನೂ ಇಲ್ಲಿಗೆ ಕರೆತಂದಿದ್ದ. ಅದು ಪ್ರಾಜಕ್ತಾಳಿಗೆ ಗೊತ್ತಾದದ್ದು ಆಮೇಲೆ.

"ಏ ಅಕ್ಕುತಾಯಿ, ಒಳಗ್ಯಾಕ ಬಂದಿ? ಹೊರಗ ನಿಂತ ಕರೀಬಾರ್ದಾ?" ಎಂದು ತಾತ್ಯಾಸಾಹೇಬರು ಎದ್ದರು.

ಪ್ರಾಜಕ್ತಾ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದಳು. ವೈನು ಚೆಲ್ಲಿ ಅವಳ ಅಂಗಿಯ ತೋಳು ನೆನೆಯಿತು. ಓಡಿಹೋಗಿ ವ್ಯಾನಿನಿಂದ ಔಷಧಿಯ ಡಬ್ಬಿ ತಂದಳು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಭಾಗ್ಯಾ ಊರಿಗೆ ಸೊಸೆಯಾಗಿ ಬಂದ ಇಪ್ಪತ್ತು ದಾಟದ ಹುಡುಗಿ, ಅಳುತ್ತಿದ್ದಳು. ಪ್ರಾಜಕ್ತಾ ಮಣ್ಣಿನಲ್ಲಿ ಮಂಡಿಯೂರಿ ಗಾಯ ತೊಳೆದಳು, ಒತ್ತಿ ಹಿಡಿದಳು, ಪಟ್ಟಿ ಕಟ್ಟಿದಳು. ಅಕ್ಕುತಾಯಿ ಹುಡುಗಿಯ ತಲೆ ಹಿಡಿದುಕೊಂಡು ನಿಂತಿದ್ದಳು. ಪ್ರವಾಸಿಗರೆಲ್ಲ ಹೊರಗೆ ಬಂದು ಸುತ್ತ ನೆರೆದರು.

ರಕ್ತ ನಿಂತ ಮೇಲೆ ಅಕ್ಕುತಾಯಿ ಕೇಳಿದಳು, "ಆ ಗ್ಲಾಸಿನ್ಯಾಗ ಏನಿತ್ತು?"

ಶರಬತ್ತು ಎನ್ನಬಹುದಿತ್ತು. ಅವ್ವ ನಂಬುತ್ತಿದ್ದಳೋ ಏನೋ.

"ಸೆರೆ, ಅವ್ವಾ. ದ್ರಾಕ್ಷಿದು."

"ನೀ ಕುಡೀತಿ?"

"ಇಲ್ಲ. ಒಂದಿನಾನೂ ಬಾಯಿಗೆ ಹಚ್ಚಿಲ್ಲ."

ದಿಲ್ಲಿಯಿಂದ ಬಂದಿದ್ದ ಒಬ್ಬ ಹೆಂಗಸು ಹಿಂದಿಯಲ್ಲಿ ಕೇಳಿದಳು, "ಇವರು ಏನು ಹೇಳುತ್ತಿದ್ದಾರೆ?"

ಪ್ರಾಜಕ್ತಾ ಎದ್ದು ನಿಂತಳು. ಮಂಡಿಗೆ ಕೆಂಪು ಮಣ್ಣು ಮೆತ್ತಿತ್ತು. "ಇವಳು ನನ್ನ ಅವ್ವ," ಎಂದಳು ಹಿಂದಿಯಲ್ಲೇ. "ನಾನು ಕುಡಿಯುತ್ತೇನೆಯೇ ಎಂದು ಕೇಳಿದಳು. ಯಾವತ್ತೂ ಕುಡಿದಿಲ್ಲ ಎಂದೆ. ಅದು ನಿಜ. ನಿಮಗೆ ರುಚಿಯ ಬಗ್ಗೆ ಹೇಳಿದ್ದೆಲ್ಲ ಬೇರೆಯವರಿಂದ ಕೇಳಿದ್ದು."

ಯಾರೋ ಒಬ್ಬರು ನಕ್ಕರು. ಒಬ್ಬ ಗಂಡಸು ಇದು ಮೋಸ ಎಂದು ಗೊಣಗಿದ. ದಿಲ್ಲಿಯ ಹೆಂಗಸು ಭಾಗ್ಯಾಳಿಗೆ ತನ್ನ ನೀರಿನ ಬಾಟಲಿ ಕೊಟ್ಟಳು.

ತಾತ್ಯಾಸಾಹೇಬರು ಪ್ರಾಜಕ್ತಾಳನ್ನು ಅಡಿಯಿಂದ ಮುಡಿಯವರೆಗೆ ಹೊಸಬರನ್ನು ನೋಡುವಂತೆ ನೋಡಿದರು. "ಅಕ್ಕುತಾಯಿ ಮಗಳೇನ ನೀ?" ಎಂದರು. ಮೇಡಮ್ ಹೋಗಿತ್ತು, ಬರ್ರಿ ಹೋಗಿತ್ತು. ಒಂದೇ ಉಸಿರಿನಲ್ಲಿ ಅವಳು ‘ನೀ’ ಆಗಿದ್ದಳು.

"ಹೌದ್ರಿ," ಎಂದಳು ಪ್ರಾಜಕ್ತಾ. "ಅಕ್ಕುತಾಯಿ ಮಗಳು."

ಅಕ್ಕುತಾಯಿ ಬಳ್ಳಿಯ ಸಾಲಿಗೆ ಮರಳಿದಳು. ಹೊತ್ತು ಇಳಿಯುವವರೆಗೂ ಕತ್ತರಿಯ ಸದ್ದು ಕೇಳುತ್ತಲೇ ಇತ್ತು. ಹಾಲ್‌ನಲ್ಲಿ ಉಳಿದ ವೈನುಗಳ ಬಗ್ಗೆ ತಾತ್ಯಾಸಾಹೇಬರ ಕೆಲಸಗಾರನೊಬ್ಬ ಪ್ರವಾಸಿಗರಿಗೆ ಹೇಗೋ ಹೇಳಿ ಮುಗಿಸಿದ.

ಸಂಜೆ ಪ್ರವಾಸಿಗರನ್ನು ಅವರ ಖೋಲಿಗಳಿಗೆ ಸೇರಿಸಿ, ಪ್ರಾಜಕ್ತಾ ಟೋಳಿಯ ಟೆಂಪೋ ಹತ್ತಿ ಅವ್ವನ ಜೊತೆ ಊರಿಗೆ ಹೋದಳು. ಮನೆಯಲ್ಲಿ ಅಕ್ಕುತಾಯಿ ಒಲೆ ಹೊತ್ತಿಸಿದಳು, ರೊಟ್ಟಿ ತಟ್ಟಲು ಕೂತಳು. ಮೂರು ರೊಟ್ಟಿ ಬೇಯಿಸಿ ಬುಟ್ಟಿಗೆ ಹಾಕಿದಳು.

"ಮೂರು ವರ್ಷ," ಎಂದಳು ಕೊನೆಗೆ. "ಮೂರು ವರ್ಷ ತೆಂಗು ಅಂದಿ, ಗೋಡಂಬಿ ಅಂದಿ. ನಾ ಓಣಿ ಮಂದಿ ಮುಂದೆಲ್ಲ ಹೇಳಕೋತ ಬಂದ್ನಿ, ನನ್ನ ಮಗಳು ತ್ವಾಟ ತೋರಸ್ತಾಳ ಅಂತ."

"ಅಪ್ಪನ ಸಲವಾಗಿ ಹೇಳಲಿಲ್ಲ, ಅವ್ವಾ. ನಿನಗ ತ್ರಾಸ ಆಕ್ಕೈತಿ ಅಂತ."

"ತ್ರಾಸ ಆಗೂದು ಬಿಡೂದು ನಂದು. ಅದನ್ನೂ ನೀನ ಹೊತಗೊಂಡ ಹೋದ್ರ ನಾ ಯಾಕ ಅದೀನಿ?"

ಅಕ್ಕುತಾಯಿ ಹಿಟ್ಟಿನ ಕೈಯಲ್ಲೇ ಮಗಳ ತೋಳು ಹಿಡಿದು ಹತ್ತಿರ ಎಳೆದಳು. ವೈನು ಚೆಲ್ಲಿ ಕಲೆಯಾಗಿದ್ದ ಅಂಗಿಯ ತೋಳನ್ನು ಮೂಗಿಗೆ ಒತ್ತಿಕೊಂಡು ವಾಸನೆ ನೋಡಿದಳು. ಗಂಡ ಬದುಕಿದ್ದಾಗ ಅವಳು ಬಾಗಿಲು ತೆರೆಯುವ ಮೊದಲು ಸಂದಿಯಲ್ಲಿ ಮೂಗಿಟ್ಟು ನೋಡುತ್ತಿದ್ದಳು. ವಾಸನೆ ಬಂದರೆ ಮಗಳನ್ನು ಎಬ್ಬಿಸಿ ಹಿಂದಿನ ಬಾಗಿಲಿಂದ ಪಕ್ಕದ ಮನೆಗೆ ಕಳಿಸಿ, ಆಮೇಲೆ ಚಿಲಕ ತೆಗೆಯುತ್ತಿದ್ದಳು. ಈಗ ಎರಡು ಸಲ, ಮೂರು ಸಲ ಮೂಸಿ ನೋಡಿದಳು.

"ಇದು ನಿಮ್ಮಪ್ಪನ ವಾಸ್ನಿ ಅಲ್ಲ," ಎಂದಳು. "ಅಲ್ಲ ಅಂದ್ರೂ ಈ ಅಂಗಿ ಹೊರಗ ಕಲ್ಲಿನ ಮ್ಯಾಗ ಒಗದ ಹಾಕ. ಒಳಗ ಬ್ಯಾಡ," ಎಂದು ಸೇರಿಸಿದಳು.

ಪ್ರಾಜಕ್ತಾ ಅವ್ವನ ಒಂದು ರವಿಕೆ ಹಾಕಿಕೊಂಡು, ಅಂಗಿ ಒಗೆದು ಹೊರಗೆ ಹರವಿ ಬಂದಳು. ಇಬ್ಬರೂ ಉಂಡರು. ಉಣ್ಣುವಾಗ ಅಕ್ಕುತಾಯಿ ಬಂದವರಿಗೆ ಏನೇನು ಹೇಳುತ್ತೀ ಎಂದು ಕೇಳಿದಳು. ಪ್ರಾಜಕ್ತಾ ಸ್ವಲ್ಪ ಹೇಳಿದಳು. ಅಕ್ಕುತಾಯಿ ತಲೆ ಅಲ್ಲಾಡಿಸಿದಳು.

"ಮಣ್ಣು ಅಂದಿ, ಗಾಳಿ ಅಂದಿ. ಕೈ ಎಲ್ಲಿ ಬಂತು? ಚಾಟ್ನಿ ಯಾರ ಮಾಡತಾರ, ಪೇಸ್ಟ್ ಹಚ್ಚಿದ್ರ ಬೆರಳ ಹೆಂಗ ಸುಲೀತಾವ, ಅದನ್ನ ಹೇಳಲೇ ಇಲ್ಲಲ್ಲ ನೀ."

ಎರಡು ದಿನದ ಮೇಲೆ ಪಣಜಿಯ ಆಫೀಸಿನಲ್ಲಿ ಕುಣಾಲ ಅವಳನ್ನು ಎದುರು ಕೂರಿಸಿಕೊಂಡ. ಪ್ರವಾಸಿಗರ ದೂರು ಒಂದೇ ಬಂದಿತ್ತು, ಅದು ಅವನಿಗೆ ದೊಡ್ಡದಾಗಿರಲಿಲ್ಲ. ತಾತ್ಯಾಸಾಹೇಬರ ಫೋನು ಬಂದದ್ದು ದೊಡ್ಡದಾಗಿತ್ತು. ಬೇರೆ ಗೈಡನ್ನು ಕಳಿಸಿ ಎಂದಿದ್ದರು.

"ಯಾಕ ಅಂತ ಹೇಳಿದ್ರಾ?" ಎಂದಳು ಪ್ರಾಜಕ್ತಾ.

"ಹೇಳಲಿಲ್ಲ."

"ನಾ ಹೇಳ್ತೀನಿ. ಅವರ ತ್ವಾಟದಾಗ ಕೂಲಿ ಮಾಡೂ ಅಕ್ಕುತಾಯಿ ಮಗಳು ಅವರ ಹಾಲಿನ್ಯಾಗ ನಿಂತ ಮಾತಾಡೂದು ಅವರಿಗೆ ಸೇರಂಗಿಲ್ಲ."

ಕುಣಾಲ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನೀ ಸಾಂಗಲಿ ಕಡೆ ದಾರಿ ನೋಡ್ಕೋ. ಇದು ಧಂದೆ, ಪ್ರಾಜಕ್ತಾ. ಕುಡಿಯಂಗಿಲ್ಲ ಅಂತ ಮಂದಿ ಮುಂದ ಹೇಳೂ ಜರೂರ ಏನಿತ್ತು? ನಾನೂ ಕುಡಿಯಂಗಿಲ್ಲ. ಯಾರಿಗಾದ್ರೂ ಹೇಳೇನೇನು?"

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಸಾಂಗಲಿಯ ಕಡೆಯ ದಾರಿಯನ್ನು ಒಂದು ಹಂಗಾಮು ಮಾಡಿದಳು. ಪ್ರತಿ ತಂಡಕ್ಕೂ ವ್ಯಾನು ಹತ್ತುವಾಗಲೇ ನಾನು ಕುಡಿಯುವವಳಲ್ಲ, ವಾಸನೆಯನ್ನಷ್ಟೇ ಬಲ್ಲೆ ಎಂದು ಹೇಳಿಬಿಡುತ್ತಿದ್ದಳು. ಕೆಲವರಿಗೆ ಅದು ಹಿಡಿಸಿತು, ಕೆಲವರು ಮುಖ ಕಿವುಚಿದರು. 2016ರ ಮೇ ತಿಂಗಳಲ್ಲಿ ಕೆಲಸ ಬಿಟ್ಟಳು. ಕುಣಾಲ ತಡೆಯಲಿಲ್ಲ, ಜಗಳವೂ ಆಡಲಿಲ್ಲ. ಹೊರಡುವಾಗ ಪಣಜಿಯ ಹೋಟೆಲುಗಳವರ ಫೋನ್ ನಂಬರುಗಳ ಪಟ್ಟಿ ಕೊಟ್ಟ.

ಅವಳು ನಿಪ್ಪಾಣಿಯಲ್ಲಿ ಖೋಲಿ ಹಿಡಿದು ತನ್ನದೇ ಒಂದು ಪ್ರವಾಸದ ದಾರಿ ಸುರು ಮಾಡಿದಳು. ಅದಕ್ಕೆ ಒಂದು ತೋಟ ಬೇಕಿತ್ತು. ಶ್ರೀಪಾಲನ ಅಂಗಳಕ್ಕೆ ಅವ್ವನನ್ನು ಕರೆದುಕೊಂಡು ಹೋಗಿ ಕೇಳಿದಳು. ಜೇನನ್ನೂ ಮುಟ್ಟದ ಮನೆ ಅದು.

"ತ್ವಾಟ ನೋಡ್ಲಿ, ಮಣೂಕ ತಿನ್ಲಿ, ನಮ್ಮ ಮನ್ಯಾಗ ಊಟಾ ಮಾಡ್ಲಿ," ಎಂದ ಶ್ರೀಪಾಲ. "ಆದ್ರ ನನ್ನ ಹೊಲದಾಗ ಬಾಟ್ಲಿ ಬರಬಾರ್ದು."

"ಬರಂಗಿಲ್ರಿ ಅಣ್ಣಾ."

ಹೀಗೆ ಮೊದಲ ದಿನ ಶ್ರೀಪಾಲನ ತೋಟ, ಮರುದಿನ ಕೃಷ್ಣೆಯ ಆಚೆಯ ಒಂದು ಸಣ್ಣ ವೈನ್ ತಯಾರಿಕೆಯ ಜಾಗ ಎಂದು ದಾರಿ ಆಯಿತು. ಆ ಎರಡನೆಯ ಜಾಗದಲ್ಲಿ ಗ್ಲಾಸು ಕೊಟ್ಟು ರುಚಿ ಹೇಳುವವರು ಅಲ್ಲಿಯವರೇ. ಮೊದಲ ತಂಡದಲ್ಲಿ ಬಂದವರು ನಾಲ್ವರು. ಅದರಲ್ಲಿ ಇಬ್ಬರು ಬಿಸಿಲಿಗೆ ಬೇಸತ್ತು ವ್ಯಾನಿನಲ್ಲೇ ಮಲಗಿದರು. ಉಳಿದಿಬ್ಬರಿಗೆ ಅಕ್ಕುತಾಯಿ ಕತ್ತರಿ ಕೊಟ್ಟು, ಮರಾಠಿ ಬೆರೆತ ಹಿಂದಿಯಲ್ಲಿ ಕಣ್ಣು ಎಣಿಸುವುದನ್ನು ಕಲಿಸಿದಳು. ತಪ್ಪು ಜಾಗದಲ್ಲಿ ಕತ್ತರಿಸಿದ ಪುಣೆಯ ಇಂಜಿನಿಯರೊಬ್ಬನ ಕೈಮೇಲೆ ಚಟ್ಟನೆ ಹೊಡೆದುಬಿಟ್ಟಳು. ಪ್ರಾಜಕ್ತಾ ಗಾಬರಿಯಾದಳು. ಆ ಮನುಷ್ಯ ಮುಂದಿನ ವರ್ಷ ತನ್ನ ಅಕ್ಕಂದಿರನ್ನು ಕರೆದುಕೊಂಡು ಬಂದ.

ದೊಡ್ಡ ಯಶಸ್ಸೇನೂ ಅಲ್ಲ ಅದು. ಮಳೆಗಾಲದಲ್ಲಿ ಯಾರೂ ಬರುತ್ತಿರಲಿಲ್ಲ, ಆಗ ಅವಳು ನಿಪ್ಪಾಣಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದಳು. ಮದುವೆಗೆ ಎರಡು ಕಡೆಯಿಂದ ಕೇಳಿ ಬಂದರು, ಅವಳ ಅಲೆದಾಟ ಕೇಳಿ ಹಿಂದೆ ಸರಿದರು. ಅವಳಿಗೂ ಅದರಿಂದ ಹಗುರವೇ ಆಯಿತು. ಖೋಲಿಯಲ್ಲಿ ಅತ್ತಿಂದಿತ್ತ ಓಡಾಡುವುದು ನಿಂತಿರಲಿಲ್ಲ, ಆದರೆ ಈಗ ಅದು ಮುಂದಿನ ವಾರದ ವ್ಯಾನಿನ ಚಿಂತೆಗೆ.

2018ರ ಮಾರ್ಚ್ ಕೊನೆಗೆ, ಹಂಗಾಮಿನ ಕೊನೆಯ ತಂಡವನ್ನು ಪಣಜಿಗೆ ಬಿಡಲು ಹೋಗುವಾಗ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತು.

"ಅವ್ವಾ, ಬರ್ತಿ ಏನ್? ಈ ಮಂದೀ ಎಲ್ಲಾ ಎಲ್ಲಿಂದ ಬರ್ತಾರ, ನೋಡೀಯಂತ."

ಅಕ್ಕುತಾಯಿ ಹಸಿರು ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿ ಬಂದಳು. ಆಂಬೋಲಿ ಘಾಟಿನ ತಿರುವುಗಳಲ್ಲಿ ಎರಡು ಸಲ ಕಿಟಕಿಯಿಂದ ವಾಂತಿ ಮಾಡಿಕೊಂಡಳು. ಪ್ರವಾಸಿಗರಲ್ಲಿ ಒಬ್ಬಾಕೆ ಅವಳ ಬೆನ್ನು ಸವರಿದಳು. ಎಲ್ಲರನ್ನೂ ಅವರವರ ಹೋಟೆಲಿಗೆ ಇಳಿಸಿ, ಬಾಡಿಗೆಯ ವ್ಯಾನನ್ನು ಬಿಟ್ಟುಕೊಟ್ಟು, ಸಂಜೆ ಐದರ ಹೊತ್ತಿಗೆ ಅವ್ವ ಮಗಳು ಮೀರಾಮಾರದ ಕಡಲ ದಂಡೆಯ ಮರಳಿನಲ್ಲಿ ನಿಂತರು.

ಅಕ್ಕುತಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು ನೀರಿಗೆ ಇಳಿದಳು. ತೆರೆ ಬಂದು ಕಾಲು ತೊಳೆದು ಹೋಯಿತು. ಕಾಲಡಿಯ ಮರಳು ಜಾರಿದಾಗ ಮಗಳ ರಟ್ಟೆ ಹಿಡಿದುಕೊಂಡಳು. ಬೊಗಸೆಯಲ್ಲಿ ನೀರು ತುಂಬಿ ನಾಲಿಗೆಗೆ ಹಚ್ಚಿ ನೋಡಿ ಮುಖ ಸಿಂಡರಿಸಿ ಉಗಿದಳು. ಪ್ರಾಜಕ್ತಾ ಮರಳಿನ ಮೇಲೆ ಕೂತಳು. ಕತ್ತಲಾಗುವವರೆಗೂ ಕೂರಬೇಕು, ನಾಳೆಯೂ ಇಲ್ಲೇ ಇರಬೇಕು ಎನಿಸಿತು. ಹಾಗೆ ಅನಿಸಿದ್ದು ಅವಳಿಗೇ ಆಶ್ಚರ್ಯವಾಯಿತು.

"ಕೂಡ ಬಾ ಅವ್ವಾ, ಹೊತ್ತ ಮುಳಗೂದು ನೋಡೂಣು."

ಅಕ್ಕುತಾಯಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. "ಹೊತ್ತ ಎಲ್ಲಾ ಕಡೆ ಮುಳಗತೈತಿ. ಏಳ ಏಳ, ನಾಡದ ಶ್ರೀಪಾಲಣ್ಣಾರ ತ್ವಾಟದಾಗ ಚಾಟ್ನಿ ಸುರು. ಬಸ್ಸ ಎಷ್ಟಕ್ಕ ಐತಿ?"

ಪ್ರಾಜಕ್ತಾ ಎದ್ದು ಅವ್ವನ ಮೀನಖಂಡಕ್ಕೆ ಮೆತ್ತಿದ ಮರಳನ್ನು ಕೊಡವಿದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು, ಅಕ್ಕುತಾಯಿ ನಾಲ್ಕು ಹೆಜ್ಜೆ ಮುಂದೆ.